‘ಬಾಜೂಕ ಯಾರ ಹೆಸರೈತಿ?’

ನಮ್ಮ ಕಾಲೇಜು ಪ್ರವಾಸದ ಪಟ್ಟಿಯಲ್ಲಿ ‘ಇಂಡಿಯಾ ಗೇಟ್ – ಒಂದು ತಾಸು’ ಅಂತಷ್ಟೇ ಇತ್ತು. ರಾಷ್ಟ್ರೀಯ ಯುದ್ಧ ಸ್ಮಾರಕದ ಹೆಸರೇ ಇರಲಿಲ್ಲ. ದೆಹಲಿಗೆ ಹೋಗುವ ಬಹಳಷ್ಟು ಗುಂಪುಗಳದ್ದು ಇದೇ ಕಥೆ. ಗೇಟ್ ಮುಂದೆ ಫೋಟೊ, ಒಂದು ಐಸ್‌ಕ್ರೀಂ, ಮತ್ತೆ ಬಸ್ಸು. ಸ್ಮಾರಕ ಅಲ್ಲೇ ಪಕ್ಕದಲ್ಲಿದ್ದರೂ ನೆಲಮಟ್ಟದಿಂದ ತಗ್ಗಿನಲ್ಲಿ ಕಟ್ಟಿರುವುದರಿಂದ ಹತ್ತಿರ ಹೋಗುವವರೆಗೂ ಸರಿಯಾಗಿ ಕಣ್ಣಿಗೆ ಬೀಳುವುದಿಲ್ಲ. ಒಳಗೆ ಹೋಗಲು ಟಿಕೆಟ್ ಇಲ್ಲ ಎಂದು ಗೊತ್ತಾದ ಮೇಲೆಯೇ ನಮ್ಮ ಗುಂಪು ಆ ಕಡೆ ತಿರುಗಿದ್ದು!

ಎರಡೂ ಒಂದೇ ಎಂದುಕೊಂಡವರು ನಮ್ಮಲ್ಲಿ ತುಂಬಾ ಜನ ಇದ್ದರು. 1931ರಲ್ಲಿ ಉದ್ಘಾಟನೆಯಾದ ಇಂಡಿಯಾ ಗೇಟ್ ಮೇಲೆ ಇರುವುದು ಮೊದಲ ಮಹಾಯುದ್ಧದಲ್ಲಿ, ಆಫ್ಘನ್ ಯುದ್ಧದಲ್ಲಿ ಬ್ರಿಟಿಷರ ಸೇನೆಯಲ್ಲಿದ್ದು ಮಡಿದವರ ಹೆಸರುಗಳು. ಸ್ವತಂತ್ರ ಭಾರತದ ಸೈನಿಕರಿಗೆಂದು ರಾಷ್ಟ್ರಮಟ್ಟದ ಸ್ಮಾರಕ ಸಿಕ್ಕಿದ್ದು 2019ರ ಫೆಬ್ರುವರಿ 25ರಂದು. 1972ರಿಂದ ಗೇಟ್ ಕೆಳಗೆ ಉರಿಯುತ್ತಿದ್ದ ಅಮರ್ ಜವಾನ್ ಜ್ಯೋತಿಯನ್ನು 2022ರ ಜನವರಿಯಲ್ಲಿ ಇಲ್ಲಿನ ಜ್ಯೋತಿಯೊಂದಿಗೆ ಸೇರಿಸಿದರು.

ಒಳಗೆ ಒಂದರೊಳಗೊಂದು ನಾಲ್ಕು ಚಕ್ರಗಳಿವೆ. ನಡುವೆ ಸ್ತಂಭ ಮತ್ತು ಜ್ಯೋತಿ, ಅದರ ಸುತ್ತ ಕಂಚಿನ ಭಿತ್ತಿಶಿಲ್ಪಗಳು, ತೀರಾ ಹೊರಗೆ ಕಾವಲಿಗೆ ನಿಂತಂತೆ ಮರಗಳ ಸಾಲು. ಆದರೆ ಕಾಲು ಕಟ್ಟಿಹಾಕುವುದು ತ್ಯಾಗ ಚಕ್ರ. ಗ್ರಾನೈಟ್ ಗೋಡೆಗಳ ಒಂದೊಂದು ಫಲಕಕ್ಕೆ ಒಬ್ಬ ಸೈನಿಕ, ಬಂಗಾರದ ಬಣ್ಣದ ಅಕ್ಷರ. ಉದ್ಘಾಟನೆಯ ದಿನವೇ 25,942 ಹೆಸರುಗಳಿದ್ದವು. ಒಂದೊಂದಕ್ಕೆ ಐದು ಸೆಕೆಂಡ್ ಕೊಟ್ಟು ಓದಿದರೂ ಒಂದೂವರೆ ದಿನ ಬೇಕು, ಅದೂ ನಿದ್ದೆ ಬಿಟ್ಟು. ನಮಗಿದ್ದದ್ದು ನಲವತ್ತು ನಿಮಿಷ.

ಕಾರವಾರದ ಗೆಳತಿ ಪರಮ ಯೋಧ ಸ್ಥಳದ ಕಡೆ ಓಡಿದಳು. ಪರಮವೀರ ಚಕ್ರ ಪಡೆದ 21 ಜನರ ಪ್ರತಿಮೆಗಳು ಅಲ್ಲಿವೆ. ಅವರಲ್ಲೊಬ್ಬರು ಅವಳ ಊರಿನ ಪಕ್ಕದ ಚೆಂಡಿಯಾದ ರಾಮ ರಾಘೋಬಾ ರಾಣೆ. 1948ರ ಏಪ್ರಿಲ್‌ನಲ್ಲಿ ನೌಶೇರಾ–ರಜೌರಿ ರಸ್ತೆಯಲ್ಲಿ ಗುಂಡಿನ ಮಳೆಯ ನಡುವೆ ನೆಲಬಾಂಬ್ ತೆಗೆದು, ಅಡ್ಡಗಟ್ಟಿದ್ದನ್ನೆಲ್ಲ ಸರಿಸಿ ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟ ಎಂಜಿನಿಯರ್ ಅವರು. ಆ 21 ಜನರಲ್ಲಿ 14 ಮಂದಿಗೆ ಪದಕ ಬಂದಿದ್ದು ಮರಣೋತ್ತರವಾಗಿ. ರಾಣೆ ಬದುಕುಳಿದ ಏಳು ಜನರಲ್ಲಿ ಒಬ್ಬರು, 1994ರವರೆಗೂ ಇದ್ದರು.

ಬೈಲಹೊಂಗಲ ಕಡೆಯ ನನ್ನ ಗೆಳೆಯ ಮಾತ್ರ ಯಾವುದನ್ನೂ ನೋಡದೆ ಹೆಸರು ಹುಡುಕುವ ಪರದೆಯ ಮುಂದೆ ನಿಂತಿದ್ದ. ಮೊನ್ನೆ ಮೊನ್ನೆಯವರೆಗೂ ಅವನ ಓಣಿಯಲ್ಲಿ ಆಡಿದವರಲ್ಲ ಅವರು. ಕಾಶ್ಮೀರದಲ್ಲಿ ತೀರಿಕೊಂಡಾಗ ಇವನಿನ್ನೂ ಹುಟ್ಟಿರಲಿಲ್ಲ. ಊರಿನ ಬಸ್‌ಸ್ಟ್ಯಾಂಡ್ ಹತ್ತಿರ ಅವರ ಹೆಸರಿನದೊಂದು ಕಟ್ಟೆ ಇದೆ. ಸಂಜೆ ಹುಡುಗರು ಅದರ ಮೇಲೆ ಕೂತು ಮೊಬೈಲ್ ನೋಡುತ್ತಾರೆ. ಬೆಳಗಾವಿ ಸುತ್ತಿನ ಎಷ್ಟೋ ಊರುಗಳಲ್ಲಿ ಇಂಥ ಕಟ್ಟೆಗಳಿವೆ.

ಗೋಡೆ, ಸಾಲು ಎಲ್ಲ ಗುರುತು ಹಾಕಿಕೊಂಡು ನಾವಿಬ್ಬರೂ ಹೋದೆವು. ಫಲಕ ಸಿಕ್ಕಿತು. ಅವನು ತಕ್ಷಣ ವಿಡಿಯೊ ಕಾಲ್ ಹಚ್ಚಿದ. ಆ ಕಡೆ ಸೈನಿಕನ ತಾಯಿ. ಯಾರೋ ಮೊಮ್ಮಗ ಫೋನ್ ಹಿಡಿದಿದ್ದ.

‘ಆಯಿ, ಇಲ್ಲೈತಿ ನೋಡ್ರಿ ಕಾಕಾನ ಹೆಸರ.’

ಅವರು ಬಹಳ ಹೊತ್ತು ನೋಡಿದರು. ಅಳುತ್ತಾರೇನೋ ಎಂದು ನಾನು ಮುಖ ಆ ಕಡೆ ಮಾಡಿದ್ದೆ. ಅಳಲಿಲ್ಲ. ‘ಅವನ ಬಾಜೂಕ ಯಾರ ಹೆಸರೈತಿ?’ ಎಂದು ಕೇಳಿದರು.

ಎಡಕ್ಕೊಬ್ಬ ಸಿಂಗ್, ಬಲಕ್ಕೊಂದು ತಮಿಳು ಹೆಸರು. ಗೆಳೆಯ ನಿಧಾನಕ್ಕೆ ಓದಿ ಹೇಳಿದ. ಮೇಲಿನದು? ಓದಿದ. ಕೆಳಗಿನದು? ಅದನ್ನೂ ಓದಿದ. ‘ಹಂಗಾರ ಒಬ್ಬನ ಇಲ್ಲ ಬಿಡು’ ಎಂದರು ಆಯಿ. ಊರಿನ ಕಟ್ಟೆಯ ಮೇಲೆ ಇಷ್ಟು ವರ್ಷ ಆ ಹೆಸರು ಒಂಟಿಯಾಗಿತ್ತು ಎಂಬುದು ನನಗೆ ಆಗಲೇ ಹೊಳೆದದ್ದು.

ಫೋನ್ ಇಡುವ ಮುಂಚೆ ಅವರು ಇನ್ನೊಂದು ಮಾತು ಕೇಳಿದರು. ‘ನೀನೂ ಅರ್ಜಿ ಹಾಕೀಯಂತಲ್ಲ. ನಿಮ್ಮವ್ವಗ ಹೇಳೀಯೇನ?’

ಗೆಳೆಯ ಅಗ್ನಿವೀರ್ ನೇಮಕಾತಿಗೆ ಅರ್ಜಿ ತುಂಬಿದ್ದು ನನಗೆ ಗೊತ್ತಿತ್ತು. ದಿನಾ ಬೆಳಗ್ಗೆ ಐದಕ್ಕೆದ್ದು ಓಡುತ್ತಾನೆ. ಮನೆಯಲ್ಲಿ ಪೊಲೀಸ್ ಪರೀಕ್ಷೆಗೆ ಎಂದು ಹೇಳಿದ್ದಾನೆ. ಪದವಿ ಮುಗಿಯುತ್ತ ಬಂತು, ತಂಗಿಯ ಓದಿದೆ, ಹೊಲಕ್ಕೆ ನೀರಿಲ್ಲ. ದೇಶಪ್ರೇಮದ ಜೊತೆಗೆ ಇವೆಲ್ಲವೂ ಅವನ ಅರ್ಜಿಯಲ್ಲಿದ್ದವು.

‘ಊರಿಗೆ ಬಂದ ಹೇಳ್ತೇನ್ರಿ ಆಯಿ.’

‘ಹೇಳು. ನಮ್ಮಾಂವ ಹೇಳದ ಹೋಗಿದ್ದ.’

ಅಷ್ಟರಲ್ಲಿ ಮೇಷ್ಟ್ರು ಕೂಗಿದರು. ಪ್ರತಿ ಸಂಜೆ ಸೂರ್ಯ ಮುಳುಗುವ ಹೊತ್ತಿಗೆ ಒಬ್ಬ ಹುತಾತ್ಮನ ಮನೆಯವರೇ ಬಂದು ಇಲ್ಲಿ ಪುಷ್ಪಚಕ್ರ ಇಡುತ್ತಾರೆ. ಅದನ್ನು ನೋಡಬೇಕೆಂಬ ಆಸೆ ಇತ್ತು, ಆದರೆ ಕುತುಬ್ ಮಿನಾರ್ ಬಾಕಿ ಇತ್ತು. ದೆಹಲಿ ಪ್ರವಾಸ ಹೊರಡುವವರು ಈ ಜಾಗವನ್ನು ದಿನದ ಕೊನೆಗಿಟ್ಟುಕೊಳ್ಳುವುದು ಒಳ್ಳೆಯದು. ನಿಮ್ಮೂರಿನ ಕಟ್ಟೆಯ ಮೇಲೆ ಯಾರ ಹೆಸರಿದೆ ಎಂದು ಮೊದಲೇ ನೋಡಿಕೊಂಡು ಹೋದರೆ ಹುಡುಕುವುದೂ ಸುಲಭ.

ಊರಿಗೆ ಮರಳಿದ ರಾತ್ರಿಯೇ ಅವನು ಮನೆಯಲ್ಲಿ ಹೇಳಿದನಂತೆ. ಅವನ ಅವ್ವ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಬೆಳಗ್ಗೆ ಐದಕ್ಕೆ ಅವನು ಏಳುವಷ್ಟರಲ್ಲಿ ಒಲೆಯ ಮೇಲೆ ಹಾಲು ಕಾಯುತ್ತಿತ್ತು.