ಕವಣೆಯ ಕಲ್ಲು ಮತ್ತು ರಸ್ತೆಯ ತಿರುವು

ನೇರವಾದ ಡಾಂಬರು ರಸ್ತೆಯ ಮೇಲೆ ಒಂದು ಬಸ್ಸು ಗಂಟೆಗೆ 36 ಕಿಲೋಮೀಟರಿನಂತೆ, ಹೆಚ್ಚುಕಡಿಮೆಯಿಲ್ಲದೆ ಓಡುತ್ತಿದೆಯೆಂದು ಭಾವಿಸೋಣ. ಅದು ಸೆಕೆಂಡಿಗೆ 10 ಮೀಟರು ಸಾಗುತ್ತದೆ. ಮೊದಲನೆಯ ಸೆಕೆಂಡಿನಲ್ಲಿಯೂ ಅಷ್ಟೇ, ನೂರನೆಯ ಸೆಕೆಂಡಿನಲ್ಲಿಯೂ ಅಷ್ಟೇ. ಸಮಾನ ಕಾಲದಲ್ಲಿ ಸಮಾನ ದೂರ ಕ್ರಮಿಸುವ ಇಂಥ ಚಲನೆಗೆ ಏಕರೂಪ ಚಲನೆ ಎನ್ನುತ್ತೇವೆ.

ಈಗ ಗೋಡೆಯ ಗಡಿಯಾರವನ್ನು ನೋಡೋಣ. ಅದರ ನಿಮಿಷದ ಮುಳ್ಳು 14 ಸೆಂಟಿಮೀಟರು ಉದ್ದವಿದ್ದರೆ, ಅದರ ತುದಿ ಗಂಟೆಗೆ ಸುಮಾರು 88 ಸೆಂಟಿಮೀಟರು ಸುತ್ತುತ್ತದೆ. ಇಲ್ಲಿಯೂ ಸಮಾನ ಕಾಲಕ್ಕೆ ಸಮಾನ ದೂರವೇ. ಆದರೆ ದಿಕ್ಕು ಒಂದೇ ಆಗಿರುವುದಿಲ್ಲ. ಹನ್ನೆರಡರ ಬಳಿ ಬಲಕ್ಕೆ ಹೊರಟ ತುದಿ ಮೂರರ ಬಳಿ ಕೆಳಕ್ಕೂ ಆರರ ಬಳಿ ಎಡಕ್ಕೂ ಸಾಗುತ್ತಿರುತ್ತದೆ.

ಆದ್ದರಿಂದಲೇ ವಿಜ್ಞಾನದಲ್ಲಿ ಎರಡು ಶಬ್ದಗಳನ್ನು ಬೇರೆಯಾಗಿ ಬಳಸುತ್ತೇವೆ. ಎಷ್ಟು ಬೇಗ ಎಂಬುದನ್ನಷ್ಟೇ ಹೇಳುವುದು ಜವ. ಎಷ್ಟು ಬೇಗ, ಯಾವ ಕಡೆಗೆ ಎಂಬೆರಡನ್ನೂ ಹೇಳುವುದು ವೇಗ. ಗಡಿಯಾರದ ಮುಳ್ಳಿನ ತುದಿಯ ಜವ ಬದಲಾಗದು. ವೇಗ ಮಾತ್ರ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಇದೇ ಏಕರೂಪ ವರ್ತುಲ ಚಲನೆಯ ಮರ್ಮ.

ಬಲವಿಲ್ಲದೆ ವೇಗ ಬದಲಾಗದು ಎಂದು ನ್ಯೂಟನ್ನನು 1687ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ವಿವರಿಸಿದನು. ಹಾಗಾದರೆ ಸುತ್ತುವ ವಸ್ತುವಿಗೆ ಬಲ ಎಲ್ಲಿಂದ ಬರುತ್ತದೆ?

ಜೋಳದ ಹೊಲದಲ್ಲಿ ಅಟ್ಟಣಿಗೆಯೇರಿ ಹಕ್ಕಿ ಕಾಯುವವರ ಕೈಯ ಕವಣೆಯನ್ನು ನೆನೆಯೋಣ. ಕಲ್ಲು ಸುತ್ತುತ್ತಿರುವಾಗ ಕವಣೆಯ ಹಗ್ಗ ಬಿಗಿಯಾಗಿ ಅದನ್ನು ಒಳಕ್ಕೆ, ಕೈಯ ಕಡೆಗೆ ಎಳೆಯುತ್ತಿರುತ್ತದೆ. ಈ ಎಳೆತವೇ ಕೇಂದ್ರಾಭಿಮುಖ ಬಲ. ಹಗ್ಗದ ಒಂದು ತುದಿಯನ್ನು ಬಿಟ್ಟೊಡನೆ ಬಲ ಇಲ್ಲವಾಗುತ್ತದೆ. ಆಗ ಕಲ್ಲು ಕೇಂದ್ರದಿಂದ ನೇರ ಹೊರಕ್ಕೆ ಚಿಮ್ಮುವುದೆಂದು ನಮ್ಮಲ್ಲಿ ಅನೇಕರು ತಿಳಿದಿದ್ದೇವೆ. ಅದು ತಪ್ಪು. ಬಿಟ್ಟ ಕ್ಷಣದಲ್ಲಿ ಯಾವ ದಿಕ್ಕಿಗೆ ಸಾಗುತ್ತಿತ್ತೋ ಆ ದಿಕ್ಕಿಗೇ, ಅಂದರೆ ಸ್ಪರ್ಶರೇಖೆಯ ಗುಂಟ ಅದು ಹೊರಡುತ್ತದೆ. ಆಮೇಲೆ ಭೂಮಿಯ ಸೆಳೆತ ಅದನ್ನು ಕೆಳಗಿಳಿಸುತ್ತದೆ. ಸುಮಾರು 3,84,000 ಕಿಲೋಮೀಟರು ದೂರದ ಚಂದ್ರನನ್ನು 27 ದಿನಗಳಿಗೊಮ್ಮೆ ನಮ್ಮ ಸುತ್ತ ತಿರುಗಿಸುವುದೂ ಈ ಸೆಳೆತವೇ. ಅಲ್ಲಿ ಹಗ್ಗ ಕಾಣದು, ಅಷ್ಟೇ.

ಇನ್ನು ರಸ್ತೆಯ ತಿರುವಿಗೆ ಬರೋಣ. ಇಲ್ಲಿ ಹಗ್ಗದ ಕೆಲಸವನ್ನು ಟಾಯರಿಗೂ ನೆಲಕ್ಕೂ ನಡುವಿನ ಘರ್ಷಣೆ ಮಾಡುತ್ತದೆ. ಹುಡುಗನೂ ಸೈಕಲ್ಲೂ ಸೇರಿ 60 ಕಿಲೋಗ್ರಾಂ, ತಿರುವಿನ ತ್ರಿಜ್ಯ 10 ಮೀಟರು ಎಂದಿರಲಿ. ದ್ರವ್ಯರಾಶಿಯನ್ನು ಜವದ ವರ್ಗದಿಂದ ಗುಣಿಸಿ ತ್ರಿಜ್ಯದಿಂದ ಭಾಗಿಸಿದರೆ ಬೇಕಾದ ಬಲ ದೊರೆಯುತ್ತದೆ. ಸೆಕೆಂಡಿಗೆ 5 ಮೀಟರಿನಂತೆ, ಅಂದರೆ ಗಂಟೆಗೆ 18 ಕಿಲೋಮೀಟರಿನಂತೆ ತಿರುಗಿದರೆ 150 ನ್ಯೂಟನ್ ಬೇಕು. ಜವ ಇಮ್ಮಡಿಯಾದರೆ ಬಲವೂ ಇಮ್ಮಡಿಯಾದೀತೆಂದು ತೋರಬಹುದು. ಲೆಕ್ಕ ಮಾಡಿದರೆ 600 ನ್ಯೂಟನ್, ಅಂದರೆ ನಾಲ್ಮಡಿ! ಹುಡುಗ ಮತ್ತು ಸೈಕಲ್ಲಿನ ಒಟ್ಟು ತೂಕಕ್ಕಿಂತ (588 ನ್ಯೂಟನ್) ಇದು ಹೆಚ್ಚು. ಒಣಗಿದ ಒಳ್ಳೆಯ ರಸ್ತೆಯೂ ಸಾಮಾನ್ಯವಾಗಿ ಇಷ್ಟು ಬಲ ಕೊಡಲಾರದು. ಮಳೆಯಲ್ಲಿ ನೆನೆದ, ಮರಳು ಚೆಲ್ಲಿದ ರಸ್ತೆಯಂತೂ ಇನ್ನೂ ಕಡಿಮೆ ಕೊಡುತ್ತದೆ. ಬೇಕಾದಷ್ಟು ಬಲ ಸಿಗದಿದ್ದರೆ ಸೈಕಲ್ಲು ತಿರುವನ್ನು ಬಿಟ್ಟು, ಕವಣೆಯಿಂದ ಬಿಟ್ಟ ಕಲ್ಲಿನಂತೆ ತನ್ನ ದಾರಿ ಹಿಡಿಯುತ್ತದೆ.

ನಮ್ಮಲ್ಲಿ ಎಷ್ಟೋ ಜನ ಸುತ್ತಣ ಹಳ್ಳಿಗಳಿಂದ ಸೈಕಲ್ ತುಳಿದು ಶಾಲೆಗೆ ಬರುತ್ತೇವೆ. ಮಕ್ಕಳನ್ನು ಹಿಂದೆ ಕೂರಿಸಿಕೊಂಡು ಮೋಟಾರ್ ಸೈಕಲ್ಲಿನಲ್ಲಿ ಬರುವ ಪಾಲಕರೂ ಉಂಟು. ಈ ಲೆಕ್ಕ ಇಬ್ಬರಿಗೂ ಒಂದೇ. ಜವವನ್ನು ಅರ್ಧಕ್ಕೆ ಇಳಿಸಿದರೆ ಬೇಕಾದ ಬಲ ಕಾಲು ಭಾಗಕ್ಕೆ ಇಳಿಯುತ್ತದೆ. ತಿರುವಿಗೆ ಬಂದ ಮೇಲೆ ಬ್ರೇಕು ಒತ್ತಿದರೆ ಇದ್ದ ಘರ್ಷಣೆಯಲ್ಲಿ ಅದಕ್ಕೂ ಪಾಲು ಹೋಗುತ್ತದೆ. ಆದುದರಿಂದ ತಿರುವಿಗೆ ಮುಂಚೆಯೇ ನಿಧಾನಿಸೋಣ. ಪರೀಕ್ಷೆಗಾಗಿ ಬಾಯಿಪಾಠ ಮಾಡಿದ ಸೂತ್ರವನ್ನು ದಿನವೂ ಮನೆಗೆ ಹೋಗುವ ದಾರಿಯಲ್ಲಿಯೂ ನೆನಪಿಡೋಣ.