ಅಮ್ಮನ ಹಳೇ ಕಂಪ್ಯೂಟರಿಗೆ ಒಂದು ಕೇಬಲ್ ಹಾಕಿ

ಆಯುಧಪೂಜೆ ದಿನ ಮಾತ್ರ ಕುಂಕುಮ ಕಾಣುವ ಹಳೇ ಡೆಸ್ಕ್‌ಟಾಪ್ ನಿಮ್ಮ ಮನೆಯಲ್ಲೂ ಇರಬಹುದು. ಗುಜರಿಗೆ ಹಾಕೋಣ ಅಂದ್ರೆ ಅಮ್ಮ ಬಿಡಲ್ಲ. ಅವರು ಹೇಳೋದರಲ್ಲೂ ಅರ್ಥವಿದೆ. ಸ್ಮಾರ್ಟ್‌ಫೋನ್ ಬರುವ ಮುಂಚಿನ ಮದುವೆ, ನಾಮಕರಣ, ಅಜ್ಜನ ಫೋಟೊಗಳು ಎಷ್ಟೋ ಮನೆಗಳಲ್ಲಿ ಆ ಒಂದೇ ಹಾರ್ಡ್‌ಡಿಸ್ಕಿನಲ್ಲಿವೆ. ಹಾರ್ಡ್‌ಡಿಸ್ಕ್ ಅಂದ್ರೆ ತಿರುಗುವ ಯಂತ್ರ. ಒಂದು ದಿನ ಹೇಳದೇ ಕೇಳದೇ ನಿಂತುಬಿಡುತ್ತೆ. ಅಷ್ಟರೊಳಗೆ ಅದನ್ನು ಮನೆಯ ನೆಟ್‌ವರ್ಕಿಗೆ ಸೇರಿಸಿ, ಒಳಗಿರೋದನ್ನು ಈಚೆಗೆ ತಂದುಬಿಡಿ.

ಪೆನ್‌ಡ್ರೈವ್ ಸಾಲದಾ ಅಂತೀರಾ? ಸ್ವಲ್ಪವೇ ಫೋಟೊ ಇದ್ದರೆ ಸಾಕು. ನೂರಾರು ಫೋಲ್ಡರ್ ಇದ್ದಾಗ ಮಾತ್ರ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು, ನಿಮ್ಮ ಲ್ಯಾಪ್‌ಟಾಪಿನಲ್ಲೇ ನೋಡಿ ಆರಿಸೋದು ಸುಲಭ.

ವೈಫೈ ಬೇಡ, ತಂತಿ ಇರಲಿ

ಹಳೇ ಡೆಸ್ಕ್‌ಟಾಪ್‌ಗಳಲ್ಲಿ ವೈಫೈ ಇರೋದೇ ಅಪರೂಪ. ಇದ್ದರೂ ಎಷ್ಟೋ ಕಾರ್ಡುಗಳಿಗೆ ಈಗಿನ 5 ಗಿಗಾಹರ್ಟ್ಸ್ ಸಿಗ್ನಲ್ ಕಾಣಿಸಲ್ಲ. ಆದರೆ ಹಿಂಭಾಗದಲ್ಲಿ ಒಂದು ಲ್ಯಾನ್ ಪೋರ್ಟ್ ಇದ್ದೇ ಇರುತ್ತೆ. ಅದರಿಂದ ರೌಟರಿಗೆ ಒಂದು ಕೇಬಲ್ ಎಳೆಯಿರಿ. ಪೋರ್ಟ್ 100 ಎಂಬಿಪಿಎಸ್‌ನದಾದರೆ ಸೆಕೆಂಡಿಗೆ ಸುಮಾರು 11 ಎಂಬಿ ಸಾಗುತ್ತೆ. 100 ಜಿಬಿಗೆ ಎರಡೂವರೆ ಗಂಟೆ ಬೇಕು. ಒಂದು ಸಿನಿಮಾ ನೋಡಿ ಬನ್ನಿ.

ವಿಂಡೋಸ್ 7 ಇದ್ದರೆ

1. ಯಾವ ಬಗೆಯ ನೆಟ್‌ವರ್ಕ್ ಎಂದು ಕೇಳಿದಾಗ 'ಹೋಮ್' ಆರಿಸಿ.
2. ಹಳೇ ಯಂತ್ರದ ಯೂಸರ್ ಅಕೌಂಟಿಗೆ ಪಾಸ್‌ವರ್ಡ್ ಇಡಿ. ಪಾಸ್‌ವರ್ಡ್ ಇಲ್ಲದ ಫೋಲ್ಡರನ್ನು ವಿಂಡೋಸ್ 11ರ ಹೊಸ ಆವೃತ್ತಿಗಳು ತೆರೆಯದೇ ಇರಬಹುದು.
3. ಫೋಟೊ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ, ಅದೇ ಯೂಸರ್‌ಗೆ ಶೇರ್ ಮಾಡಿ.
4. ಕಮಾಂಡ್ ಪ್ರಾಂಪ್ಟಿನಲ್ಲಿ 'ಐಪಿಕಾನ್ಫಿಗ್' ಕೊಟ್ಟರೆ 192.168ರಿಂದ ಶುರುವಾಗುವ ವಿಳಾಸ ಸಿಗುತ್ತೆ. ಲ್ಯಾಪ್‌ಟಾಪಿನ ಫೈಲ್ ಎಕ್ಸ್‌ಪ್ಲೋರರ್ ಪಟ್ಟಿಯಲ್ಲಿ ಎರಡು ಹಿಮ್ಮುಖ ಗೆರೆ ಹಾಕಿ ಅದನ್ನೇ ಬರೆಯಿರಿ: \\192.168.1.20 ಹೀಗೆ.

ನೆಟ್‌ವರ್ಕ್ ಪಟ್ಟಿಯಲ್ಲಿ ಹಳೇ ಯಂತ್ರದ ಹೆಸರು ಕಾಣಲಿಲ್ಲ ಅಂತ ಗಾಬರಿ ಬೇಡ. ವಿಳಾಸ ನೇರವಾಗಿ ಬರೆದರೆ ಸಾಮಾನ್ಯವಾಗಿ ತೆರೆದುಕೊಳ್ಳುತ್ತೆ. 'ಹೋಮ್‌ಗ್ರೂಪ್' ಹುಡುಕುತ್ತಾ ಕೂರಬೇಡಿ, ವಿಂಡೋಸ್ 10ರಿಂದ ಅದನ್ನು 2018ರಲ್ಲೇ ತೆಗೆದುಹಾಕಲಾಗಿದೆ.

ಎಕ್ಸ್‌ಪಿ ಇದ್ದರೆ ಹುಷಾರು

ವಿಂಡೋಸ್ ಎಕ್ಸ್‌ಪಿಗೆ ಗೊತ್ತಿರೋದು ಎಸ್‌ಎಂಬಿ 1 ಅನ್ನುವ ಹಳೇ ಭಾಷೆ ಮಾತ್ರ. ಹೊಸ ವಿಂಡೋಸ್‌ನಲ್ಲಿ ಅದು ತಾನಾಗಿ ಇರಲ್ಲ. "ಲ್ಯಾಪ್‌ಟಾಪಲ್ಲಿ ಅದನ್ನ ಆನ್ ಮಾಡ್ಕೊಳಿ, ಸರಿಹೋಗುತ್ತೆ" ಅನ್ನೋರು ಬೇಕಾದಷ್ಟು ಜನ ಸಿಗ್ತಾರೆ. ಮಾಡಬೇಡಿ. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಕಂಪ್ಯೂಟರ್‌ಗಳನ್ನು ಲಾಕ್ ಮಾಡಿ ಹಣ ಕೇಳಿದ 'ವಾನಾಕ್ರೈ' ಹಬ್ಬಿದ್ದು ಇದೇ ಎಸ್‌ಎಂಬಿ 1ರ ಬಿರುಕಿನಿಂದ. ಬ್ರಿಟನ್ನಿನ ಆಸ್ಪತ್ರೆಗಳೂ ಆಗ ತತ್ತರಿಸಿದ್ದವು. ಹಳೇ ಯಂತ್ರಕ್ಕೋಸ್ಕರ ಹೊಸ ಯಂತ್ರದ ಚಿಲಕ ತೆಗೆಯೋದು ಬುದ್ಧಿವಂತಿಕೆ ಅಲ್ಲ. ನಿಮ್ಮ ಆಫೀಸ್ ಕೆಲಸ, ಬ್ಯಾಂಕ್ ವ್ಯವಹಾರ ಎಲ್ಲ ನಡೆಯೋದು ಅದರಲ್ಲೇ ತಾನೇ?

ಅದರ ಬದಲು ಪ್ಲಗ್ ಕಿತ್ತು, ಡಿಸ್ಕನ್ನು ಹೊರತೆಗೆದು, ಯುಎಸ್‌ಬಿ ಅಡಾಪ್ಟರ್ ಮೂಲಕ ಲ್ಯಾಪ್‌ಟಾಪಿಗೆ ಜೋಡಿಸಿ. ಡಿಸ್ಕಿನದು ಅಗಲವಾದ ಐಡಿಇ ಕನೆಕ್ಟರೋ ಸಣ್ಣ ಸಾಟಾವೋ ಅಂತ ನೋಡಿಕೊಂಡು ಅಡಾಪ್ಟರ್ ಕೊಳ್ಳಿ.

ಆಮೇಲೆ?

ಎಕ್ಸ್‌ಪಿಗೆ 2014ರಲ್ಲಿ, ವಿಂಡೋಸ್ 7ಕ್ಕೆ 2020ರಲ್ಲಿ ಮೈಕ್ರೋಸಾಫ್ಟ್ ಬೆಂಬಲ ನಿಂತಿದೆ. ಆದ್ದರಿಂದ ಅವುಗಳಲ್ಲಿ ಬ್ರೌಸಿಂಗ್, ಬ್ಯಾಂಕಿಂಗ್ ಬೇಡ. ಕಾಪಿ ಮುಗಿದ ಕೂಡಲೇ ಕೇಬಲ್ ಕಿತ್ತುಬಿಡಿ. ಯಂತ್ರ ಗಟ್ಟಿಮುಟ್ಟಾಗಿದ್ದರೆ, ಎಲ್ಲ ತೆಗೆದಿಟ್ಟ ಮೇಲೆ ಲಿನಕ್ಸ್ ಮಿಂಟ್‌ನಂಥ ಉಚಿತ ವ್ಯವಸ್ಥೆ ಹಾಕಿ ಮನೆಮಂದಿಗೆಲ್ಲ ಒಂದು ಫೈಲ್ ಕಪಾಟು ಮಾಡಿಕೊಳ್ಳಬಹುದು.

ಫೋಟೊಗಳು ಎರಡು ಕಡೆ ಇರಲಿ: ಒಂದು ಎಕ್ಸ್‌ಟರ್ನಲ್ ಡಿಸ್ಕಿನಲ್ಲಿ, ಇನ್ನೊಂದು ಕ್ಲೌಡ್‌ನಲ್ಲೋ ಅಕ್ಕನ ಮನೆಯಲ್ಲೋ. ಹತ್ತಿಪ್ಪತ್ತು ಫೋಟೊ ತೆರೆದು ನೋಡಿ, ಸರಿಯಾಗಿ ಬಂದಿವೆ ಅಂತ ಖಾತ್ರಿ ಮಾಡಿಕೊಂಡ ಮೇಲಷ್ಟೇ ಹಳೇದನ್ನು ಅಳಿಸುವ ಮಾತು.