ಗೋಡೆಗೆ ಮಣ್ಣಿನ ಬಣ್ಣ

ಮಳವಳ್ಳಿ, ಮದ್ದೂರುಗಳ ಕೆಮ್ಮಣ್ಣಿಗೆ ಬಣ್ಣವನ್ನಿತ್ತಿರುವುದು ಕಬ್ಬಿಣದ ಆಕ್ಸೈಡು. ನೀರಿನಂಶದೊಡನೆ ಕೂಡಿದ್ದರೆ ಅದು ಹಳದಿಮಿಶ್ರಿತ ಕಂದು. ಕಾಯಿಸಿ ನೀರನ್ನು ಕಳೆದರೆ ಕೆಂಪು. ಮಂಡ್ಯದ ಅಂಗಡಿಗಳಲ್ಲಿ ದೊರೆಯುವ ಡಬ್ಬಿಯ ಮಣ್ಣುಬಣ್ಣಗಳಲ್ಲಿಯೂ ಸಾಮಾನ್ಯವಾಗಿ ಇರುವುದು ಇದೇ. ಬಿಸಿಲಿಗೆ ಸುಲಭವಾಗಿ ಮಾಸದು.

ಇಂಥ ಗಾಢ ಕಂದನ್ನು ಓದುವ ಕೋಣೆಯ ಗೋಡೆಗೂ ಚಾವಣಿಗೂ ಬಳಿಸಿ, ಹಾಡುಹಗಲಿನಲ್ಲಿಯೇ ದೀಪ ಹಾಕಿಕೊಂಡವರು ನಾವು! ಸುಣ್ಣದ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 80 ಪಾಲನ್ನು ಹಿಂದಿರುಗಿಸಿದರೆ, ಈ ಗೋಡೆ 20ರ ಆಸುಪಾಸು. ಕಿಟಕಿಯ ಬೆಳಕು ಗೋಡೆಯಿಂದ ಗೋಡೆಗೆ ಪುಟಿಯುತ್ತ ಕೋಣೆಯನ್ನು ತುಂಬಬೇಕಷ್ಟೆ. ಪುಟಿದಾಗಲೆಲ್ಲ ನಷ್ಟವಾದ್ದರಿಂದ ಒಟ್ಟು ಬೆಳಕು ಮೂರನೆಯ ಒಂದು ಪಾಲಿನ ಹತ್ತಿರಕ್ಕೆ ಇಳಿಯುತ್ತದೆ.

ನಮ್ಮ ಹಳ್ಳಿಗಳಲ್ಲಿ ಗೋಡೆಗೆ ಸುಣ್ಣವನ್ನು ಬಳಿದು, ಕೆಸರು ಸಿಡಿಯುವ ಬುಡದಲ್ಲಿ ಮಾತ್ರ ಕೆಮ್ಮಣ್ಣಿನ ಪಟ್ಟಿಯನ್ನೆಳೆಯುತ್ತಿದ್ದರು. ನಾವೂ ಕಿಟಕಿಯ ಮಟ್ಟದಿಂದ ಮೇಲಕ್ಕೆ ಬಿಳಿಯನ್ನು ಬಳಿಸಿದೆವು. ಈಗ ದೀಪ ಹಾಕುವುದು ಸಂಜೆಗೇ.